ಹನ್ನೊಂದು ಕರಿ ಗೋಲಿ

ಡೆಲ್ಮರ್ ವೀಸ್ಟ್ ಸಾಯಲು ಊರಿಗೆ ಬಂದಿದ್ದಾನೆಂಬ ಸುದ್ದಿಯನ್ನು ನನಗೆ ಮುಟ್ಟಿಸಿದವಳು ಆರ್ಲೀನ್ ಹೆಪ್ಲರ್. ಆಂಬುಲೆನ್ಸಿನ ಹಿಂಬಾಗಿಲು ತೆರೆದುಕೊಂಡು ಬ್ಯಾಂಡೇಜಿನ ಸುರುಳಿಗಳನ್ನು ಎಣಿಸುತ್ತಿದ್ದಳು. ಎಣಿಕೆ ನಿಲ್ಲಿಸದೆಯೇ, "ಹದಿನಾಲ್ಕು, ಹದಿನೈದು, ಡೆಲ್ಮರ್ ಬಂದಿದಾನೆ, ಹದಿನಾರು" ಎಂದಳು.

"ಯಾವ ಡೆಲ್ಮರ್?"

"ಊರಿಗೆಲ್ಲ ಎಷ್ಟು ಜನ ಡೆಲ್ಮರ್ ಇದಾರೋ ವಿಲರ್ಡ್? ಫ್ಲಾರಿಡಾದಿಂದ ಬಂದಿದಾನೆ. ಎರಡೂ ಶ್ವಾಸಕೋಶ ಕೆಟ್ಟಿದೆಯಂತೆ. ಮಗಳು ಗ್ಯಾರೇಜ್ ಮೇಲಿನ ರೂಮಲ್ಲಿ ಮಲಗಿಸಿದಾಳೆ. ಈಸ್ಟರ್ ತನಕ ಉಳಿಯಲ್ಲ ಅಂದಿದಾರಂತೆ ಡಾಕ್ಟರು."

ಇಂಥ ಸುದ್ದಿ ಹೇಳುವಾಗ ಜನ ದನಿ ತಗ್ಗಿಸುತ್ತಾರೆ. ಆರ್ಲೀನ್ ತಗ್ಗಿಸಲಿಲ್ಲ. ಅವಳ ಮುಖದಲ್ಲಿ, ಬಹಳ ದಿನದಿಂದ ಕಾಯುತ್ತಿದ್ದ ಪಾರ್ಸೆಲ್ ಕೊನೆಗೂ ಅಂಚೆ ಕಚೇರಿಗೆ ಬಂದಿದೆಯೆಂದು ತಿಳಿದವರ ನೆಮ್ಮದಿಯಿತ್ತು.

ನಮ್ಮದು ಟ್ಯಾನರ್ಸ್‌ಬರ್ಗ್. ಪೆನ್ಸಿಲ್ವೇನಿಯದ ಎರಡು ಬೆಟ್ಟಗಳ ನಡುವೆ ಒಂದು ಹಳ್ಳ, ಹಳ್ಳದ ಪಕ್ಕ ರಸ್ತೆ, ರಸ್ತೆಯ ಪಕ್ಕ ನಾವು. ಇಲ್ಲಿ ಮನೆಗೆ ಬೆಂಕಿ ಬಿದ್ದರೂ, ಮನೆಯ ಯಜಮಾನ ಎದೆ ಹಿಡಿದುಕೊಂಡು ಕುಸಿದರೂ, ಓಡಿ ಬರುವವರು ಸಂಬಳದವರಲ್ಲ, ಪಕ್ಕದ ಬೀದಿಯವರೇ ಸೇರಿ ಕಟ್ಟಿಕೊಂಡ ಅಗ್ನಿಶಾಮಕ ದಳದವರು. ಸೊಂಟದ ಪೇಜರ್ ಕೂಗಿದರೆ ಕಟುಕ ಮಾಂಸ ಬಿಟ್ಟು ಓಡುತ್ತಾನೆ, ಪಾದ್ರಿ ಪ್ರಾರ್ಥನೆ ಬಿಟ್ಟು ಓಡುತ್ತಾನೆ, ಕ್ಷೌರಿಕ ಅರ್ಧ ತಲೆ ಬಿಟ್ಟು ಓಡುತ್ತಾನೆ. ಆ ಅರ್ಧ ತಲೆಯವನೂ ದಳದವನೇ ಆಗಿದ್ದರೆ ಹಾಗೆಯೇ ಅವನ ಹಿಂದೆ ಓಡುತ್ತಾನೆ. ನಾನು ಶಾಲೆಯ ಗ್ರಂಥಾಲಯ ನೋಡಿಕೊಳ್ಳುತ್ತಿದ್ದು ನಿವೃತ್ತನಾದವನು. ಆಂಬುಲೆನ್ಸ್ ಓಡಿಸುತ್ತೇನೆ. ಮೂವತ್ತೆರಡು ವರ್ಷದಿಂದ ದಳದ ಕಾರ್ಯದರ್ಶಿ. ಸಭೆಯಲ್ಲಿ ಯಾರು ಏನೆಂದರೆಂದು ನಡಾವಳಿ ಪುಸ್ತಕದಲ್ಲಿ ಬರೆಯುವವನು. ಎಂದರೆ, ಏನನ್ನು ಬರೆಯಬಾರದೆಂದು ಚೆನ್ನಾಗಿ ತಿಳಿದವನು.

ಆರ್ಲೀನ್ ಆಂಬುಲೆನ್ಸಿನ ಕ್ಯಾಪ್ಟನ್. ಅರವತ್ತೆಂಟು ವರ್ಷ, ಗಿಡ್ಡ ಕೂದಲು, ಮಂಡಿ ಎರಡೂ ಹೊಸವು. ಡೆಲ್ಮರ್ ಇಪ್ಪತ್ತೆರಡು ವರ್ಷ ನಮ್ಮ ಚೀಫ್, ಎಂದರೆ ದಳದ ಮುಖ್ಯಸ್ಥ, ಆಗಿದ್ದವನು. ಇವರಿಬ್ಬರ ನಡುವೆ ಇದ್ದದ್ದು ಒಂದು ಆಂಬುಲೆನ್ಸಿನ ಕೀಲಿಕೈ.

ಚೀಫ್‌ನನ್ನು ನಾವೇ ಚುನಾಯಿಸುತ್ತೇವೆ. ತೊಂಬತ್ತಮೂರರ ಡಿಸೆಂಬರಿನಲ್ಲಿ ಡೆಲ್ಮರ್ ಮತ್ತೆ ಗೆದ್ದ, ಆದರೆ ಆ ಸಲ ಒಂದೇ ಮತದಿಂದ. ಒಂದೇ ಮತದಿಂದ ಗೆದ್ದವನ ಕಣ್ಣಿಗೆ ಉಳಿದವರೆಲ್ಲ ಕಳ್ಳರಂತೆ ಕಾಣುತ್ತಾರೆ. ಚಾಲಕರು ಆಂಬುಲೆನ್ಸನ್ನು ಸ್ವಂತ ಓಡಾಟಕ್ಕೆ ಬಳಸುತ್ತಾರೆಂದು ಅದರ ಎರಡೂ ಕೀಲಿಕೈಗಳನ್ನು ತನ್ನ ಜೇಬಿಗೆ ಹಾಕಿಕೊಂಡ. ಚೀಫ್‌ನ ಅಪ್ಪಣೆಯಿಲ್ಲದೆ ಯಾವ ಗಾಡಿಯೂ ಅಲುಗತಕ್ಕದ್ದಲ್ಲ ಎಂದು ಗೋಡೆಗೆ ಚೀಟಿ ಅಂಟಿಸಿದ. ನಾವು ಆ ಚೀಟಿಯನ್ನು ನೋಡಿ ನಕ್ಕೆವು. ಯಾರೂ ಹರಿದು ಹಾಕಲಿಲ್ಲ.

ಮರುವರ್ಷದ ಏಪ್ರಿಲ್, ಟ್ರೌಟ್ ಮೀನು ಹಿಡಿಯಲು ಸರ್ಕಾರ ಅಪ್ಪಣೆ ಕೊಡುವ ಮೊದಲ ಶನಿವಾರ. ಆ ದಿನ ಬೆಳಿಗ್ಗೆ ಎಂಟಕ್ಕೆ ಊರಿನ ಅರ್ಧ ಗಂಡಸರು ಹಳ್ಳದಲ್ಲಿ ತೊಡೆಮಟ್ಟ ನೀರಿನಲ್ಲಿ ನಿಂತಿರುತ್ತಾರೆ. ಎಂಟೂ ಹತ್ತಕ್ಕೆ ಆರ್ಲೀನಳ ಗಂಡ ಗ್ಲೆನ್ ಅಡುಗೆಮನೆಯಲ್ಲಿ ಕಾಫಿ ಬಗ್ಗಿಸುತ್ತ ಕೆಳಗೆ ಬಿದ್ದ. ಅವಳು ಫೋನ್ ಮಾಡಿದಳು. ಅಗ್ನಿಶಾಮಕ ಠಾಣೆಯ ಮಾಡಿನ ಮೇಲಿನ ಸೈರನ್ ಕೂಗಿತು. ಆಂಬುಲೆನ್ಸಿಗೂ ಆ ಅಡುಗೆಮನೆಗೂ ಮುನ್ನೂರು ಹೆಜ್ಜೆ. ನಾನೂ ಎಲ್ವುಡ್ ಎಂಬುವನೂ ಎರಡೇ ನಿಮಿಷದಲ್ಲಿ ಠಾಣೆಗೆ ಓಡಿ ಬಂದೆವು. ಗಾಡಿಗೆ ಬೀಗ. ಕಿಟಕಿ ಒಡೆದು ಒಳಗೆ ಹೊಕ್ಕೆವು. ಕೀಲಿಕೈ ಇಲ್ಲದೆ ಅದು ಕೆಮ್ಮಲೂ ಇಲ್ಲ. ಕೊನೆಗೆ ಗಾಲಿಗಳಿರುವ ಸ್ಟ್ರೆಚರನ್ನು ಇಳಿಸಿ, ಐಸ್‌ಕ್ರೀಮ್ ಮಾರುವವರ ಹಾಗೆ ಅದನ್ನೇ ನಡುರಸ್ತೆಯಲ್ಲಿ ತಳ್ಳಿಕೊಂಡು ಓಡಿದೆವು. ಒಂದು ಗಾಲಿ ಕಿರ್ರೆನ್ನುತ್ತಿತ್ತು. ಜನ ಕಿಟಕಿಗಳಲ್ಲಿ ನಿಂತು ನೋಡಿದರು. ಪಕ್ಕದ ಊರಿನ ಆಂಬುಲೆನ್ಸ್ ಬರಲು ಇಪ್ಪತ್ತಾರು ನಿಮಿಷ ಹಿಡಿಯಿತು. ಗ್ಲೆನ್ ಅಷ್ಟು ಹೊತ್ತು ಕಾಯಲಿಲ್ಲ.

ಹತ್ತು ಗಂಟೆಗೆ ಡೆಲ್ಮರ್ ಠಾಣೆಗೆ ಬಂದ. ಸೊಂಟದ ಬುಟ್ಟಿಯಲ್ಲಿ ಮೂರು ಮೀನು. ಅವನ ಬಾಯಿಂದ ಬಂದ ಮೊದಲ ಮಾತು, "ಕಿಟಕಿ ಒಡೆದೋನು ಯಾವನು?"

ವರದಿಯಲ್ಲಿ ಅವನು 'ವಾಹನದ ತಾಂತ್ರಿಕ ತೊಂದರೆಯಿಂದ ವಿಳಂಬ' ಎಂದು ಬರೆದ. ಮುಂದಿನ ಸಭೆಯ ನಡಾವಳಿಯಲ್ಲಿ ನಾನು ಅದನ್ನೇ ನಕಲು ಮಾಡಿದೆ. ಆಗ ಶಾಲೆಯಲ್ಲಿ ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಶಾಲಾ ಮಂಡಳಿಯಲ್ಲಿ ಡೆಲ್ಮರ್ ಇದ್ದ. ಇದು ನೆಪವಲ್ಲ ಎಂದು ಹೇಳುವಷ್ಟು ದಪ್ಪ ಚರ್ಮ ನನಗಿಲ್ಲ.

ಎರಡು ತಿಂಗಳು ಕಳೆದು ಆರ್ಲೀನ್ ದಳ ಸೇರಲು ಅರ್ಜಿ ಹಾಕಿದಳು. ತಿರಸ್ಕರಿಸಿದರೆ ಊರು ಮಾತಾಡುತ್ತದೆಂದು ಡೆಲ್ಮರ್ ಸುಮ್ಮನಿದ್ದ. ಅವಳು ಓದಿದಳು, ಪರೀಕ್ಷೆ ಕಟ್ಟಿದಳು, ನಮ್ಮೆಲ್ಲರಿಗಿಂತ ಚೆನ್ನಾಗಿ ಕಲಿತಳು. ಅವನು ಚೀಫ್ ಆಗಿದ್ದ ಮುಂದಿನ ಒಂಬತ್ತು ವರ್ಷ, ವೈರ್‌ಲೆಸ್ಸಿನಲ್ಲಿ ಅಲ್ಲದೆ ಅವನೊಡನೆ ಒಂದು ಮಾತನ್ನೂ ಆಡಲಿಲ್ಲ. ಎರಡು ಅಡಿ ದೂರದಲ್ಲಿ ನಿಂತಿದ್ದರೂ ವೈರ್‌ಲೆಸ್ ಎತ್ತಿ, "ಆಂಬುಲೆನ್ಸಿನಿಂದ ಚೀಫ್‌ಗೆ. ನಿಮ್ಮ ಬೂಟು ನನ್ನ ರೋಗಿಯ ಆಕ್ಸಿಜನ್ ನಳಿಗೆ ಮೇಲಿದೆ" ಎನ್ನುತ್ತಿದ್ದಳು. ಊರಿನ ಪ್ರತಿ ಅಡುಗೆಮನೆಯಲ್ಲೂ ನಮ್ಮ ವೈರ್‌ಲೆಸ್ ಕೇಳುವ ಪೆಟ್ಟಿಗೆಯಿದೆ. ಊರೆಲ್ಲ ಕೇಳಿಸಿಕೊಳ್ಳುತ್ತಿತ್ತು. ಆಮೇಲೆ ಅವನು ಫ್ಲಾರಿಡಾಕ್ಕೆ ಹೋದ. ಅವಳು ಇಲ್ಲೇ ಇದ್ದಳು.

ಜನವರಿಯ ಕೊನೆಯ ವಾರ ಡೆಲ್ಮರನ ಅರ್ಜಿ ನನ್ನ ಕೈಗೆ ಬಂತು. ಊರು ಬಿಟ್ಟವನ ಸದಸ್ಯತ್ವ ರದ್ದಾಗುತ್ತದೆ; ಮತ್ತೆ ಬೇಕೆಂದರೆ ಹೊಸಬನಂತೆ ಬರಬೇಕು. ನಾಲ್ಕು ಹೆಜ್ಜೆಗೆ ಏದುಸಿರು ಬಿಡುವ ಎಂಬತ್ತನಾಲ್ಕರ ಮುದುಕನಿಗೆ ಅಗ್ನಿಶಾಮಕ ದಳ ಏಕೆಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಸದಸ್ಯನಾಗಿ ಸತ್ತವನ ಶವಪೆಟ್ಟಿಗೆಯನ್ನು ಫೈರ್ ಎಂಜಿನ್ನಿನ ಮೇಲೇರಿಸಿ ಊರು ಸುತ್ತಿಸುತ್ತೇವೆ. ಗುಂಡಿಯ ಅಂಚಿನಲ್ಲಿ ಎಲ್ಲರೂ ಸಾಲಾಗಿ ನಿಂತಾಗ, ಜಿಲ್ಲೆಯ ವೈರ್‌ಲೆಸ್ ಕೇಂದ್ರದವರು ಸತ್ತವನ ನಂಬರನ್ನು ಮೂರು ಸಲ ಕರೆಯುತ್ತಾರೆ. ಮೂರು ಸಲವೂ ಉತ್ತರವಿಲ್ಲ. 'ಇವರ ಪಾಳಿ ಮುಗಿಯಿತು' ಎಂದು ಹೇಳಿ ಮೌನವಾಗುತ್ತಾರೆ. ಎಲ್ಲ ಅಡುಗೆಮನೆಗಳಲ್ಲೂ ಅದು ಕೇಳುತ್ತದೆ. ಸ್ವಂತ ತಾಯಿಯ ಮಣ್ಣಿಗೆ ಅಳದ ಗಂಡಸರು ಅಲ್ಲಿ ಮೂಗು ಒರೆಸಿಕೊಂಡದ್ದನ್ನು ನೋಡಿದ್ದೇನೆ. ಸದಸ್ಯನಲ್ಲದವನಿಗೆ ಸಿಗುವುದು ಪಾದ್ರಿ ಮತ್ತು ಮಣ್ಣು.

ಅರ್ಜಿ ಬಂದ ಮರುದಿನ ಡೆಲ್ಮರನ ಮಗಳು ಫೋನ್ ಮಾಡಿದಳು, ಅಪ್ಪನಿಗೆ ಉಸಿರು ಕಟ್ಟುತ್ತಿದೆಯೆಂದು. ನಾನು ಗಾಡಿ ಓಡಿಸಿದೆ, ಆರ್ಲೀನ್ ಪಕ್ಕದಲ್ಲಿ. ಕೋಣೆಯಲ್ಲಿ ಅವನು ಕುರ್ಚಿಯಲ್ಲಿ ಕೂತಿದ್ದ. ಬೀರುವಿನ ಬಾಗಿಲಿಗೆ ದಳದ ಹಳೆಯ ಸಮವಸ್ತ್ರ ತೂಗುಹಾಕಿತ್ತು, ಇಸ್ತ್ರಿಯಾಗಿ, ಗುಂಡಿಗಳೆಲ್ಲ ಹೊಳೆಯುತ್ತ. ಅವನು ಅದರೊಳಗೆ ಹೋದರೆ ಇನ್ನೊಬ್ಬನಿಗೂ ಜಾಗ ಉಳಿಯುವಷ್ಟು ಇಳಿದುಹೋಗಿದ್ದ.

ಆರ್ಲೀನ್ ಆಕ್ಸಿಜನ್ ಸರಿಪಡಿಸಿದಳು, ನಾಡಿ ನೋಡಿದಳು, ರಕ್ತದೊತ್ತಡ ನೋಡಿದಳು. ಎಲ್ಲವನ್ನೂ ಬರೆದುಕೊಂಡು ಪೆನ್ನು ಮುಚ್ಚಿದ ಮೇಲೆ, ಮೂವತ್ತು ವರ್ಷದಲ್ಲಿ ಮೊದಲ ಸಲ ವೈರ್‌ಲೆಸ್ ಇಲ್ಲದೆ ಅವನಿಗೆ ಮಾತಾಡಿದಳು.

"ಆವತ್ತು ಕೀ ಎಲ್ಲಿತ್ತು ಡೆಲ್ಮರ್?"

ಅವನು ಕಣ್ಣು ತೆರೆದ. "ಯಾವತ್ತು?"

"ಯಾವತ್ತು ಅಂತ ನಿನಗೂ ಗೊತ್ತು. ಸಭೇಲಿ ಎದ್ದು ನಿಂತು ಹೇಳು. ಎಲ್ಲರ ಎದುರಿಗೆ. ಕೀ ನನ್ನ ಜೇಬಲ್ಲಿತ್ತು, ಗಾಡಿಗೇನೂ ಆಗಿರ್ಲಿಲ್ಲ, ಅಷ್ಟು. ಹೇಳಿದ್ರೆ ನಿನ್ನ ಅರ್ಜಿಗೆ ನಾನು ಅಡ್ಡ ಬರಲ್ಲ."

"ವರದೀಲಿ ಬರ್ದಿದೆ. ಓದ್ಕೋ."

"ಓದಿದೀನಿ. ಬಾಯಿಪಾಠ ಆಗಿದೆ."

"ಮತ್ತೇನು?" ಎಂದು ಅವನು ನನ್ನ ಕಡೆ ತಿರುಗಿದ. "ವಿಲರ್ಡ್, ನಿನ್ನ ನಡಾವಳೀಲೂ ಅದೇ ಇದೆ ಅಲ್ವೇನಯ್ಯ?"

ನಾನು ರಕ್ತದೊತ್ತಡದ ಪಟ್ಟಿಯನ್ನು ಮಡಚತೊಡಗಿದೆ. ಅದನ್ನು ಮಡಚಲು ಅಷ್ಟು ಗಮನ ಬೇಕಾಗಿರಲಿಲ್ಲ.

ಗಾಡಿ ಹತ್ತಿದ ಮೇಲೆ ಆರ್ಲೀನ್, "ಒಳ್ಳೇದಾಯ್ತು" ಎಂದಳು. "ಎಲ್ಲಿ ಹೂಂ ಅಂದುಬಿಡ್ತಾನೋ ಅಂತ ಭಯ ಇತ್ತು."

ನಮ್ಮ ನಿಯಮಾವಳಿಯ ಪ್ರಕಾರ ಸದಸ್ಯನ ಆಯ್ಕೆ ಗೋಲಿಗಳಿಂದ. ಸಾವಿರದ ಒಂಬೈನೂರ ಎಂಟನೇ ಇಸವಿಯ ಮರದ ಪೆಟ್ಟಿಗೆಯೊಂದಿದೆ. ಮುಂದಿನ ಖಾನೆಯಲ್ಲಿ ಬಿಳಿ ಮತ್ತು ಕರಿ ಗೋಲಿಗಳು ಬೆರೆತಿರುತ್ತವೆ. ಕೈ ತೂರಿಸಿ ಒಂದನ್ನು ಆರಿಸಿ ಹಿಂದಿನ ಖಾನೆಗೆ ಉರುಳಿಸಬೇಕು. ಬಿಳಿ ಎಂದರೆ ಬರಲಿ, ಕರಿ ಎಂದರೆ ಬೇಡ. ಮೂರು ಕರಿ ಬಿದ್ದರೆ ಅರ್ಜಿ ತಿರಸ್ಕೃತ. ಇಪ್ಪತ್ತು ವರ್ಷದಿಂದ ನಾವು ಆ ಪೆಟ್ಟಿಗೆಯನ್ನು ಮುಟ್ಟಿರಲಿಲ್ಲ. ದಳಕ್ಕೆ ಜನವೇ ಸಿಗುತ್ತಿಲ್ಲ; ಅರ್ಜಿದಾರ ಉಸಿರಾಡುತ್ತಿದ್ದರೆ ಸಾಕು, 'ಆಯಿತು, ಆಯಿತು' ಎಂದು ಬಾಯಲ್ಲೇ ಸೇರಿಸಿಕೊಳ್ಳುತ್ತಿದ್ದೆವು. ಡೆಲ್ಮರ್‌ಗೆ ಸರಿಯಾಗಿ ಉಸಿರಾಟವೂ ಇರಲಿಲ್ಲ ಎಂಬುದು ಬೇರೆ ಮಾತು. ಈ ಸಲ ಮಾತ್ರ ನಿಯಮದಂತೆ ಪೆಟ್ಟಿಗೆಯೇ ಆಗಬೇಕೆಂದು ಆರ್ಲೀನ್ ಅಧ್ಯಕ್ಷನಿಗೆ ಬರೆದು ಕೊಟ್ಟಳು.

ಆಮೇಲೆ ಕಾಕಂಬಿ ತುಂಬಿ ಬೇಯಿಸಿದ ಸಿಹಿ ಪೈ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಆರ್ಲೀನ್ ಯಾರ ಮನೆಗೂ ಪೈ ಒಯ್ಯುವವಳಲ್ಲ.

"ಮೂರು ಬೇಕು" ಎಂದಳು. "ನಂದೊಂದು. ಎಲ್ವುಡ್‌ದೊಂದು, ಅವನು ಮಾತು ಕೊಟ್ಟಿದಾನೆ. ನಿಂದೊಂದು. ಸ್ಟ್ರೆಚರ್ ತಳ್ಳಿದೋರು ನೀವಿಬ್ರೇ."

"ಸಾಯೋ ಮುದುಕ ಕಣೇ ಆರ್ಲೀನ್."

"ಗ್ಲೆನ್ ಸಾಯೋ ಮುದುಕ ಆಗಿರ್ಲಿಲ್ಲ."

ನಾನು ಪೈ ತಿಂದೆ. ಹೂಂ ಎಂದೆ.

ಫೆಬ್ರವರಿಯ ಮೊದಲ ಮಂಗಳವಾರ ಸಂಜೆ ಏಳಕ್ಕೆ ಸಭೆ. ಠಾಣೆಯ ಮಹಡಿಯ ಹಾಲಿನಲ್ಲಿ ಹತ್ತೊಂಬತ್ತು ಜನ. ಮೂಲೆಯಲ್ಲಿ ಬೀನ್ಸು ಮತ್ತು ಹಂದಿಮಾಂಸದ ಸಾರು ದೊಡ್ಡ ಪಾತ್ರೆಯಲ್ಲಿ ಕುದಿಯುತ್ತಿತ್ತು. ಅದರ ಹಬೆ ಹೋಗಲೆಂದು ಮೆಟ್ಟಿಲ ಕಡೆಯ ಬಾಗಿಲು ತೆರೆದಿಟ್ಟಿದ್ದರು. ಅರ್ಜಿದಾರ ಮತದಾನ ಮುಗಿಯುವ ತನಕ ಕೆಳಗೆ ಗಾಡಿಗಳ ಪಕ್ಕದಲ್ಲಿ ಕಾಯಬೇಕೆಂಬುದು ಪದ್ಧತಿ. ಡೆಲ್ಮರ್ ಆ ಸಮವಸ್ತ್ರ ತೊಟ್ಟು, ಗಾಲಿಯ ಮೇಲಿನ ಆಕ್ಸಿಜನ್ ಸಿಲಿಂಡರನ್ನು ನಾಯಿಯಂತೆ ಪಕ್ಕದಲ್ಲಿಟ್ಟುಕೊಂಡು, ಮಡಚುವ ಕುರ್ಚಿಯಲ್ಲಿ ಕೂತಿದ್ದ.

ನಮ್ಮ ಅಧ್ಯಕ್ಷ ಮಾಂಸದಂಗಡಿಯ ಕರ್ಟಿಸ್ ಬೊವರ್. ಪೆಟ್ಟಿಗೆಯ ಧೂಳು ಒರೆಸಿ, "ಒಬ್ಬೊಬ್ರೇ ಬನ್ನಿ, ಒಂದೊಂದೇ ಗೋಲಿ, ಆಟ ಆಡ್ಬೇಡಿ" ಎಂದಷ್ಟೇ ಹೇಳಿದ. ಯಾವ ಬಣ್ಣಕ್ಕೆ ಯಾವ ಅರ್ಥವೆಂದು ಅವನು ಹೇಳಲಿಲ್ಲ. ಅದು ಗೊತ್ತಿಲ್ಲದವರು ಭೂಮಿಯ ಮೇಲೆ ಇರಬಹುದೆಂದು ಅವನಿಗೂ ಹೊಳೆಯಲಿಲ್ಲ, ನನಗೂ ಇಲ್ಲ.

ನನ್ನ ಸರದಿ ಬಂತು. ಕೈ ತೂರಿಸಿದೆ. ಬೀರುವಿನ ಬಾಗಿಲಿಗೆ ತೂಗಿದ್ದ ಆ ಕೋಟು ಕಣ್ಣಿಗೆ ಬಂತು. ಕನಿಕರ ಬಹಳ ಸೊಗಸಾದ ಭಾವನೆ, ವಿಶೇಷವಾಗಿ ನಷ್ಟ ಬೇರೆಯವರದ್ದಾಗಿದ್ದಾಗ. ಬಿಳಿ ಗೋಲಿ ಉರುಳಿಸಿ ಬಂದು ಕೂತೆ.

ಎಣಿಸುವಾಗ ಗಟ್ಟಿಯಾಗಿ ಕೂಗಬೇಕೆಂಬುದೂ ನಿಯಮ. ಕರ್ಟಿಸ್ ಹಿಂದಿನ ಖಾನೆ ಎಳೆದು ಒಂದೊಂದೇ ಎತ್ತಿದ. "ಬಿಳಿ. ಬಿಳಿ. ಕರಿ. ಬಿಳಿ. ಕರಿ." ಆರ್ಲೀನ್ ಕೈಕಟ್ಟಿ ಕೂತಿದ್ದಳು. "ಕರಿ." ಅಲ್ಲಿಗೆ ಮೂರಾಯಿತು, ಮುಗಿಯಿತು. ಆದರೆ ಖಾನೆ ಮುಗಿಯಲಿಲ್ಲ. "ಕರಿ. ಕರಿ. ಬಿಳಿ. ಕರಿ." ಕರ್ಟಿಸನ ದನಿ ಸಣ್ಣದಾಗುತ್ತ ಹೋಯಿತು. ಕೊನೆಗೆ ಬೆವರು ಒರೆಸಿಕೊಂಡು, "ಎಂಟು ಬಿಳಿ. ಹನ್ನೊಂದು ಕರಿ" ಎಂದ.

ಎಲ್ವುಡ್ ಬಾಯಿ ತೆರೆದು ಆರ್ಲೀನಳ ಕಡೆ ನೋಡಿದ. ಅವಳು ಹುಬ್ಬು ಗಂಟಿಕ್ಕಿದಳು. ಮೂರನ್ನು ಕೇಳಿದ್ದವಳು, ಹನ್ನೊಂದು ಬಂದಾಗ ಅವಳಿಗೆ ಸಂತೋಷಕ್ಕಿಂತ ಅನುಮಾನವೇ ಹೆಚ್ಚಾಯಿತು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಸದ್ದು. ಸಿಲಿಂಡರು ಒಂದೊಂದೇ ಮೆಟ್ಟಿಲಿಗೆ ಠಣ್ ಎನ್ನುತ್ತ ಮೇಲೆ ಬರುತ್ತಿತ್ತು. ತೆರೆದ ಬಾಗಿಲಿನಿಂದ ಎಣಿಕೆಯೆಲ್ಲ ಅವನಿಗೆ ಕೇಳಿಸಿತ್ತು. ಸಹಾಯಕ್ಕೆ ಹೋಗಲು ಯಾರಿಗೂ ಕಾಲು ಬರಲಿಲ್ಲ. ಡೆಲ್ಮರ್ ಬಾಗಿಲಿಗೆ ಬಂದು, ಚೌಕಟ್ಟು ಹಿಡಿದು, ಉಸಿರು ಸಿಗುವ ತನಕ ನಿಂತ.

"ಹನ್ನೊಂದು" ಎಂದ. "ಮೂರು ಸಾಕಾಗಿತ್ತು."

"ಡೆಲ್ಮರ್, ಕೂತ್ಕೋ ಮಾರಾಯ" ಎಂದ ಕರ್ಟಿಸ್.

"ಕೂರೋದಕ್ಕೆ ಬಂದಿಲ್ಲ. ಅವಳೊಬ್ಬಳೇ ಅಂದ್ಕೊಂಡಿದ್ದೆ. ನಿಮಗೆಲ್ಲರಿಗೂ ಗೊತ್ತು ಹಾಗಾದ್ರೆ. ಇಷ್ಟು ವರ್ಷ ಗೊತ್ತಿದ್ದೂ ಎದುರಿಗೆ ಚೀಫ್ ಚೀಫ್ ಅಂತಿದ್ರಿ." ಮೂಗಿನ ನಳಿಗೆಯನ್ನು ಸರಿಪಡಿಸಿಕೊಂಡ. "ಹೇಳಿದೋನು ಯಾರು? ಸೇತುವೆ ಮೇಲೆ ಯಾರಾದ್ರೂ ಇದ್ರಾ ಆವತ್ತು?"

ಯಾರೂ ಮಾತಾಡಲಿಲ್ಲ. ಸೇತುವೆಯ ಮಾತು ನಮಗೆ ಯಾರಿಗೂ ಗೊತ್ತಿರಲಿಲ್ಲ. ಆ ಮೌನವನ್ನು ಅವನು ಒಪ್ಪಿಗೆಯೆಂದು ತಿಳಿದ.

"ಹೌದು, ಸೈರನ್ ಕೇಳಿಸ್ತು. ಸೇತುವೆ ಕೆಳಗೇ ನಿಂತಿದ್ದೆ, ಸ್ಪಷ್ಟವಾಗಿ ಕೇಳಿಸ್ತು. ಕೀ ಎರಡೂ ಜೇಬಲ್ಲಿತ್ತು. ನನ್ನ ಗಾಡಿ ದಂಡೆ ಮೇಲೇ ಇತ್ತು. ಐದು ನಿಮಿಷ ಒದ್ದಾಡ್ಲಿ ಅಂದ್ಕೊಂಡೆ. ಚೀಫ್ ಇಲ್ದೆ ಏನೂ ಅಲ್ಲಾಡಲ್ಲ ಅಂತ ಗೊತ್ತಾಗ್ಲಿ ಅಂತ." ಉಸಿರು ಎಳೆದುಕೊಂಡ. "ಯಾರ ಮನೆ ಅಂತ ಗೊತ್ತಿರ್ಲಿಲ್ಲ. ಅದು ನಿಜ. ಎರಡನೇ ಸಲ ಸ್ವಲ್ಪ ಹೊತ್ತು ಬಿಟ್ಟು ಕೂಗ್ತು. ಆಗ ಹೋಗ್ಬಹುದಾಗಿತ್ತು."

"ಆಗ ಏನ್ ಮಾಡ್ದೆ?" ಇದನ್ನು ಕೇಳಿದವಳು ಆರ್ಲೀನ್. ಎದ್ದಿರಲಿಲ್ಲ, ಕೂತಲ್ಲಿಂದಲೇ.

ಡೆಲ್ಮರ್ ಅವಳನ್ನೇ ನೋಡಿದ. "ಇನ್ನೊಂದು ಹುಳ ಸಿಕ್ಸಿ ಗಾಳ ಹಾಕ್ದೆ."

ಆ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಟ್ರೆವರ್ ಲೆಂಕರ್, ಮರದ ಮಿಲ್ಲಿನಲ್ಲಿ ಕೆಲಸ ಮಾಡುವ ಇಪ್ಪತ್ತಾರರ ಆಳು, ಕೋಣನಷ್ಟು ಬಲ. ದಳಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು.

"ಅಧ್ಯಕ್ಷರೇ, ತಪ್ಪು ತಿಳೀಬೇಡಿ. ಕರೀದು ಅಂದ್ರೆ ಬೇಡ ಅಂತಾನಾ?"

ಕರ್ಟಿಸ್ ಅವನನ್ನು ನೋಡಿದ. "ಮತ್ತಿನ್ನೇನೋ?"

"ಅಲ್ಲ, ನಮ್ಮ ಎಂಜಿನ್ ಕಪ್ಪು, ಹೆಲ್ಮೆಟ್ ಕಪ್ಪು, ಕೋಟು ಕಪ್ಪು. ಪರೀಕ್ಷೆ ಪಾಸಾದ್ಮೇಲೆ ತಾನೇ ಕಪ್ಪು ಹೆಲ್ಮೆಟ್ ಕೊಡೋದು? ಕರೀದು ಹಾಕಿದ್ರೆ ನಮ್ಮೋನು ಅಂತ ಆಗುತ್ತೆ ಅನ್ಕೊಂಡೆ. ಚೀಫ್ ಬಗ್ಗೆ ನಂಗೇನೂ ಗೊತ್ತೇ ಇರ್ಲಿಲ್ಲ. ಈಗ ಗೊತ್ತಾಯ್ತು, ಅದು ಬೇರೆ."

"ನಾನೂ ಹಾಗೇ ಅನ್ಕೊಂಡೆ" ಎಂದಳು ಅವನ ಪಕ್ಕದವಳು.

"ದೇವರೇ" ಎಂದ ಕರ್ಟಿಸ್. "ಹಾಗೆ ಅನ್ಕೊಂಡೋರೆಲ್ಲ ಕೈ ಎತ್ರಪ್ಪ."

ಒಂಬತ್ತು ಕೈ ಎದ್ದವು. ಈ ಇಪ್ಪತ್ತು ವರ್ಷದಲ್ಲಿ ಬಾಯಿಮಾತಿನಲ್ಲಿ ಸೇರಿದವರೆಲ್ಲ. ಪೆಟ್ಟಿಗೆಯನ್ನು ಅವರು ಗಾಜಿನ ಬೀರುವಿನಲ್ಲಿ ಮಾತ್ರ ನೋಡಿದ್ದರು.

ಹನ್ನೊಂದರಲ್ಲಿ ಒಂಬತ್ತು ಹೋದರೆ ಎರಡು. ಈ ಲೆಕ್ಕ ಮಾಡಲು ಹಾಲಿನಲ್ಲಿ ಯಾರಿಗೂ ಬೆರಳು ಬೇಕಾಗಲಿಲ್ಲ. ಆರ್ಲೀನಳದೊಂದು, ಎಲ್ವುಡ್‌ದೊಂದು. ಮೂರನೆಯದು ಇಲ್ಲ. ಆರ್ಲೀನ್ ನನ್ನ ಕಡೆ ತಿರುಗಿ ನೋಡುತ್ತಾಳೆಂದು ಕಾದೆ. ನೋಡಲಿಲ್ಲ. ನಾನು ಪೆನ್ನಿನ ಮುಚ್ಚಳವನ್ನು ನೋಡುತ್ತ ಕೂತೆ.

ಡೆಲ್ಮರನ ಮುಖದಲ್ಲಿ ನಡೆದದ್ದನ್ನು ಬರೆಯುವುದು ಕಷ್ಟ. ತನ್ನನ್ನು ಬೇಡವೆಂದವರು ಹನ್ನೊಂದಲ್ಲ, ಇಬ್ಬರೇ. ಮೇಲೆ ಹತ್ತಿ ಬಾರದೆ ಕುರ್ಚಿಯಲ್ಲೇ ಕೂತಿದ್ದರೆ ಬಾಯಿ ಬಿಡುವ ಅಗತ್ಯವೇ ಇರಲಿಲ್ಲ. ಅವನು ಸಿಲಿಂಡರಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಕರ್ಟಿಸ್ ಒಳ್ಳೆಯ ಮನುಷ್ಯ, ಒಳ್ಳೆಯವರಿಗೆ ಯಾವಾಗಲೂ ಅವಸರ. "ಇದು ಮತದಾನವೇ ಅಲ್ಲ" ಎಂದ. "ಗೊಂದಲ ಆಗಿದೆ. ಇವತ್ತೇ ಇನ್ನೊಂದು ಸಲ ಹಾಕೋಣ. ಅವನೇ ಎಲ್ಲ ಹೇಳ್ಕೊಂಡಿದಾನೆ, ಮನಸ್ಸಲ್ಲಿದ್ದದ್ದು ಹೊರಗೆ ಬಂತು. ವಿಲರ್ಡ್, ನಿಯಮ ಏನಿದೆ ನೋಡು."

ನಾನು ನೋಡಿ ಓದಿದೆ. ತಿರಸ್ಕೃತನಾದವನು ಆರು ತಿಂಗಳ ನಂತರ ಮತ್ತೆ ಅರ್ಜಿ ಹಾಕಬಹುದು. ಅದೇ ದಿನ ಮರುಮತದಾನ ನಡೆಸಬೇಕಾದರೆ, ಹಾಜರಿರುವ ಸದಸ್ಯರಲ್ಲಿ ಒಬ್ಬರ ಆಕ್ಷೇಪವೂ ಇರಕೂಡದು.

"ಸರಿ ಮತ್ತೆ. ಯಾರದಾದ್ರೂ ಆಕ್ಷೇಪ ಇದೆಯಾ?" ಎಂದ ಕರ್ಟಿಸ್, ಇಲ್ಲವೆಂಬ ಉತ್ತರವನ್ನು ಆಗಲೇ ಕೇಳಿಸಿಕೊಂಡವನಂತೆ ಪೆಟ್ಟಿಗೆ ಎಳೆದುಕೊಳ್ಳುತ್ತ.

ಗೋಲಿಯ ಸೊಗಸೇ ಅದು. ಯಾರು ಹಾಕಿದರೆಂದು ಗೊತ್ತಾಗುವುದಿಲ್ಲ. ಆಕ್ಷೇಪಕ್ಕೆ ಮುಖ ಬೇಕು, ದನಿ ಬೇಕು. ನಾಳೆ ಬೆಳಿಗ್ಗೆ ಅದೇ ಮುಖ ಹೊತ್ತುಕೊಂಡು ಅಂಗಡಿಗೆ ಹಾಲು ತರಲು ಹೋಗಬೇಕು.

ಆರ್ಲೀನ್ ಎದ್ದು ನಿಂತಳು. "ಇದೆ."

"ಆರ್ಲೀನ್..."

"ನನ್ನ ಆಕ್ಷೇಪ ಇದೆ ಕರ್ಟಿಸ್."

"ನೀನು ಕೇಳಿದ್ದು ಅದೇ ಅಲ್ವೇನಮ್ಮ? ಅವನು ಹೇಳ್ಬಿಟ್ನಲ್ಲ. ನೀನು ಕೇಳಿದ್ದಕ್ಕಿಂತ ಜಾಸ್ತೀನೇ ಹೇಳ್ದ."

"ಹೇಳ್ದ. ಕೇಳಿಸ್ಕೊಂಡೆ."

"ಆರು ತಿಂಗಳು ಅವನಿಗೆ ಎಲ್ಲಿದೆ?"

"ಗೊತ್ತು. ಅವನ ಆಕ್ಸಿಜನ್ ನೋಡ್ಕೊಳ್ಳೋಳು ನಾನೇ."

ಡೆಲ್ಮರ್ ಸಿಲಿಂಡರಿನ ಹಿಡಿಯಿಂದ ಒಂದು ಕೈ ಬಿಟ್ಟ. "ಇನ್ನೇನು ಬೇಕಿತ್ತು ನಿನಗೆ?" ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿದುಕೊಳ್ಳಬೇಕೆಂಬ ಆಸೆಯಷ್ಟೇ ಇದ್ದಂತಿತ್ತು.

"ನೀನು ಬಾಯಿಬಿಟ್ಟು ಹೇಳೋದು ನನಗೆ ಬರಬೇಕಾಗಿದ್ದು. ಬಂತು. ಇದು ನಿನಗೆ ಬರಬೇಕಾಗಿದ್ದು."

"ಸೈರನ್ ಕೇಳಿಸಿದ್ದು ನಾನು ಹೇಳ್ದಿದ್ರೆ?"

"ಹೇಳ್ದಿದ್ರೆ ಬರೀ ಕೀ ವಿಷಯಕ್ಕೆ ಸೇಡು ತೀರಿಸ್ಕೊಳ್ತಿದ್ದೆ. ಪಾಪ, ಕಮ್ಮಿ ಆಗ್ತಿತ್ತು."

ಅವನು ನಕ್ಕನೋ ಕೆಮ್ಮಿದನೋ ಗೊತ್ತಾಗಲಿಲ್ಲ. ಆಮೇಲೆ ಕರ್ಟಿಸನ ಕಡೆ ತಿರುಗಿ, ಹಳೆಯ ಚೀಫ್‌ನ ದನಿಯಲ್ಲಿ, "ಆಕ್ಷೇಪ ನಿಯಮದ ಪ್ರಕಾರ ಇದೆ. ಬರ್ಕೊಳ್ಳಿ" ಎಂದ. ಇಷ್ಟನ್ನು ಅವನ ಪರವಾಗಿ ಹೇಳಬೇಕು.

ಟ್ರೆವರನೂ ಇನ್ನೊಬ್ಬನೂ ಅವನನ್ನು ಕುರ್ಚಿಯೊಂದರಲ್ಲಿ ಕೂರಿಸಿ, ಕುರ್ಚಿಯ ಸಮೇತ ಎತ್ತಿ ಕೆಳಗಿಳಿಸಿದರು. ಆರ್ಲೀನ್ ಪಕ್ಕದಲ್ಲೇ ಇಳಿದು ಸಿಲಿಂಡರಿನ ಮುಳ್ಳು ನೋಡಿದಳು. "ಕಾಲು ಭಾಗ ಇದೆ. ಮನೆಗೆ ಹೋದ ತಕ್ಷಣ ಬದಲಾಯಿಸ್ಬೇಕು" ಎಂದು ಕೆಳಗೆ ಕಾರಿನ ಬಳಿ ಕಾಯುತ್ತಿದ್ದ ಅವನ ಮಗಳಿಗೆ ಎರಡು ಸಲ ಹೇಳಿದಳು. ಮೇಲೆ ಬಂದು ನನ್ನ ಮೇಜಿನ ಮುಂದೆ ನಿಂತಳು.

"ಬರೆದ್ಯಾ?"

"ಸಾರಾಂಶ ಬರೆದೆ."

"ಸಾರಾಂಶ ಬೇಡ. ಅವನು ಹೇಳಿದ ಹಾಗೇ ಬರಿ. ಹುಳದ್ದೂ ಬರಿ."

ಬರೆದೆ.

ಡೆಲ್ಮರ್ ಆ ತಿಂಗಳ ಹದಿನಾರಕ್ಕೆ ತೀರಿಕೊಂಡ. ಅಂದು ಕರೆ ಬಂದಾಗ ಹೋದವಳು ಆರ್ಲೀನಳೇ. ಮಾಡಬೇಕಾದ್ದನ್ನೆಲ್ಲ ಮಾಡಿದಳು, ಅವನ ಮಗಳ ಭುಜ ಹಿಡಿದುಕೊಂಡು ಕೂತಳು. ಮಣ್ಣು ಮಾಡುವ ದಿನ ಪೆಟ್ಟಿಗೆ ಸಾಧಾರಣ ಶವವಾಹನದಲ್ಲಿ ಠಾಣೆಯ ಮುಂದಿನಿಂದಲೇ ಹೋಯಿತು. ನಮ್ಮ ಕಪ್ಪು ಎಂಜಿನ್ನುಗಳು ಒಳಗೆ ನಿಂತಿದ್ದವು. ಕೆಲವರು ಸ್ವಂತ ಬಟ್ಟೆಯಲ್ಲಿ ಹೋದರು, ನಾನೂ ಹೋದೆ. ವೈರ್‌ಲೆಸ್ಸಿನಲ್ಲಿ ಯಾರೂ ಯಾರನ್ನೂ ಕರೆಯಲಿಲ್ಲ. ಪಾದ್ರಿ ಚೆನ್ನಾಗಿ ಮಾತಾಡಿದ. ಮುಗಿದ ಮೇಲೂ ಜನ ಒಂದು ನಿಮಿಷ ಏನನ್ನೋ ಕಾಯುತ್ತ ನಿಂತರು, ಆಮೇಲೆ ಟೋಪಿ ಹಾಕಿಕೊಂಡು ಕಾರುಗಳ ಕಡೆ ನಡೆದರು.

ನಾನು ಪುಸ್ತಕಗಳ ನಡುವೆ ಇಪ್ಪತ್ತೈದು ವರ್ಷ ಕಳೆದವನು. ಪುಸ್ತಕಗಳಲ್ಲಿ ಸೇಡು ತೀರಿಸಿಕೊಂಡವರಿಗೆ ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ, ಕೊನೆಯ ಅಧ್ಯಾಯದಲ್ಲಿ ಅವರು ಕಿಟಕಿಯ ಬಳಿ ಕೂತು ವ್ಯರ್ಥವಾಯಿತೆಂದು ಕೊರಗುತ್ತಾರೆ. ಅದನ್ನು ನಿರೀಕ್ಷಿಸುತ್ತ ಒಂದು ವಾರ ಆರ್ಲೀನಳನ್ನು ಗಮನಿಸಿದೆ. ಮುಖಕ್ಕೆ ಕಳೆ ಬಂದಿತ್ತು. ಸ್ಟ್ರೆಚರಿಗೆ ಹೊಸ ಗಾದಿ ಹೊಲಿಯುತ್ತ ಹಾಡು ಗುನುಗುತ್ತಿದ್ದಳು.

"ಹೇಗಿದೀಯೆ?" ಎಂದೆ.

"ಬಹಳ ಚೆನ್ನಾಗಿದೀನಿ" ಎಂದಳು. "ನೀನು?"

ಅವಳು ನನ್ನೊಡನೆ ಗೋಲಿಯ ಮಾತೆತ್ತಿರಲಿಲ್ಲ. ಎತ್ತುವುದಿಲ್ಲವೆಂದು ನಾನು ನಂಬತೊಡಗಿದ್ದೆ.

ಮಾರ್ಚಿನ ಸಭೆ ಬಂತು. ಹಿಂದಿನ ಸಭೆಯ ನಡಾವಳಿಯನ್ನು ಕಾರ್ಯದರ್ಶಿ ಗಟ್ಟಿಯಾಗಿ ಓದಬೇಕು, ಸಭೆ ಅನುಮೋದಿಸಬೇಕು. ಆದರೆ ಪ್ರತಿ ಸಲ ಯಾರಾದರೊಬ್ಬರು 'ಓದಿದ್ದಾಗಿದೆ ಎಂದು ತಿಳಿಯೋಣ' ಎನ್ನುತ್ತಾರೆ, ನಾವು ನೇರ ಊಟದ ವಿಷಯಕ್ಕೆ ಹೋಗುತ್ತೇವೆ. ಆ ದಿನವೂ ಕರ್ಟಿಸ್ ಬಾಯಿ ತೆರೆದ.

"ಓದ್ಲಿ" ಎಂದಳು ಆರ್ಲೀನ್. "ವಿಲರ್ಡ್ ಎದ್ದು ನಿಂತು ಓದ್ಲಿ."

ನಿಂತು ಓದಿದೆ. ಸೇತುವೆ, ಸೈರನ್, ಎರಡನೆಯ ಸೈರನ್, ಹುಳ. ಕೊನೆಗೆ, 'ಈ ವಿಳಂಬದಿಂದ ರೋಗಿಯೊಬ್ಬರು ಮೃತಪಟ್ಟಿದ್ದರು' ಎಂದು ಮುಗಿಸಿದೆ.

"ತಿದ್ದುಪಡಿ ಏನಾದ್ರೂ ಇದೆಯಾ?" ಎಂದ ಕರ್ಟಿಸ್, ನೆಲ ನೋಡುತ್ತ.

"ಎರಡಿದೆ" ಎಂದಳು ಆರ್ಲೀನ್. "ರೋಗಿಯೊಬ್ಬರು ಅಂತ ಯಾರೂ ಇರ್ಲಿಲ್ಲ. ಗ್ಲೆನ್ ಎಮರ್ಸನ್ ಹೆಪ್ಲರ್. ನಲವತ್ತೊಂದು ವರ್ಷ."

ಅಂಚಿನಲ್ಲಿ ಬರೆದೆ.

"ಎರಡನೇದು. ಗಾಡಿ ಕೆಟ್ಟಿತ್ತು ಅಂತ ಮೂವತ್ತು ವರ್ಷದ ಹಿಂದೆ ಈ ಪುಸ್ತಕದಲ್ಲಿ ಬರೆದಿರೋದು ಸುಳ್ಳು, ಬರೆದೋನಿಗೆ ಅದು ಸುಳ್ಳು ಅಂತ ಗೊತ್ತಿತ್ತು. ಅದನ್ನೂ ಸೇರಿಸು. ಬರೆದೋನ ಹೆಸರು ಹಾಕು."

ಯಾರೋ ಕುರ್ಚಿಯಲ್ಲಿ ಹೊರಳಿದರು. ಟ್ರೆವರ್ ನನ್ನನ್ನೇ ನೋಡುತ್ತಿದ್ದ. ಈ ಒಂದು ತಿಂಗಳಲ್ಲಿ ಅವನು ದಳದ ಬಗ್ಗೆ ಬಹಳ ಕಲಿತಿದ್ದ. ನಾನು ಬರೆದೆ. ನನ್ನ ಪೂರ್ತಿ ಹೆಸರನ್ನು, ತಂದೆ ಇಟ್ಟಂತೆ.

"ಆಯ್ತಾ?" ಎಂದಳು.

"ಆಯ್ತು."

"ಈಗ ಮೊದಲಿಂದ ಇನ್ನೊಂದು ಸಲ ಓದು. ಹೆಸರುಗಳ ಸಮೇತ. ಗಟ್ಟಿಯಾಗಿ."